ಎಡಗಾಲು ಪೆಡಲಿನಿಂದ ಬಿಡ್ತಿಲ್ಲ (ಶಿಮಾನೊ 105, ಹಳದಿ ಕ್ಲೀಟ್)

ಮೂರನೇ ಗೇರು:
ಸಾದಾ ಪೆಡಲ್ ತೆಗೆದು ಶಿಮಾನೊ 105 (ಆರ್7000) ಹಾಕಿ ಎರಡು ವಾರ ಆಯ್ತು. ಶೂ ಮೂರು ಬೋಲ್ಟಿನದು, ಕ್ಲೀಟ್ (ಶೂ ತಳಕ್ಕೆ ಕೂರಿಸಿ ಪೆಡಲಿಗೆ ಸಿಕ್ಕಿಸೋ ಪ್ಲಾಸ್ಟಿಕ್ ತುಂಡು) ಪೆಡಲ್ ಜೊತೆಗೇ ಬಂದ ಹಳದಿ ಎಸ್‌ಎಚ್11. ಬಲಗಾಲು ಸಲೀಸಾಗಿ ಬಿಡುತ್ತೆ. ಎಡಗಾಲಿನ ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ತಿರುಗ್ತಾ ಹೋಗುತ್ತೆ, ಪೆಡಲ್ ಮಾತ್ರ ಬಿಡಲ್ಲ. ಮೂರ್ನಾಲ್ಕು ಸಲ ಒದ್ದಾಡಬೇಕು. ಕ್ಲೀಟ್ ಹಿಡಿಯೋ ಪೆಡಲಿನ ಸ್ಪ್ರಿಂಗ್ ಸ್ಕ್ರೂ ಪೂರ್ತಿ ಸಡಿಲ ಮಾಡಿದೆ, ವ್ಯತ್ಯಾಸ ಇಲ್ಲ. 20 ಕಿ.ಮೀ. ದಾಟಿದರೆ ಎಡ ಮಂಡಿಯ ಹೊರಬದಿ ನೋವು ಬೇರೆ. ಸ್ಕ್ರೂ ಇನ್ನೂ ಸಡಿಲ ಮಾಡಬಹುದಾ? ಭಾನುವಾರ ಚಾಮುಂಡಿ ಬೆಟ್ಟ ಹತ್ತೋ ಯೋಚನೆ ಇದೆ.

ಗಾಳಿಪಂಪು:
ಎಡಕ್ಕೆ ಹಾಕಿರೋದು ಲುಕ್ ಕಂಪನಿಯ ಕಿಯೊ ಕ್ಲೀಟ್ ಅಲ್ಲ ತಾನೆ? ಅದೂ ಮೂರು ಬೋಲ್ಟಿನದೇ. ಶೂಗೆ ಕೂರುತ್ತೆ, ಶಿಮಾನೊ ಪೆಡಲ್‌ಗೆ ಆಗಲ್ಲ.

ಹದಿನೈದರ ಸ್ಪ್ಯಾನರ್:
ಕ್ಲೀಟ್ ಎರಡೂ ಪೆಡಲ್ ಜೊತೆಗೇ ಬಂದಿವೆ ಅಂದಮೇಲೆ ಅದಲ್ಲ. "ತಿರುಗ್ತಾ ಹೋಗುತ್ತೆ" ಅಂದ್ರಲ್ಲ ಸರ್, ಅಲ್ಲೇ ಇದೆ ವಿಷಯ.

ಹಳದಿ ಕ್ಲೀಟಿಗೆ ಒಟ್ಟು 6 ಡಿಗ್ರಿ ಆಟ (ಪೆಡಲ್ ಬಿಡದೆ ಅತ್ತಿತ್ತ ತಿರುಗೋ ಅವಕಾಶ) ಇರುತ್ತೆ. ಅಷ್ಟು ತಿರುಗಿದ ಮೇಲೆ ಸ್ಪ್ರಿಂಗ್ ಅಡ್ಡ ಬರಬೇಕು, ಇನ್ನೊಂಚೂರು ತಿರುಗಿಸಿದರೆ ಟಕ್ ಅಂತ ಬಿಡಬೇಕು. ಹಿಮ್ಮಡಿ ಅದಕ್ಕಿಂತ ಎಷ್ಟೋ ದೂರ ಹೋಗಿಯೂ ಬಿಡಲಿಲ್ಲ ಅಂದ್ರೆ, ತಿರುಗ್ತಿರೋದು ಶೂ ಮಾತ್ರ. ಕ್ಲೀಟ್ ಪೆಡಲಿನಲ್ಲಿ ಇದ್ದಲ್ಲೇ ಇದೆ. ಅಂದರೆ ಶೂ ತಳದಲ್ಲಿ ಕ್ಲೀಟ್ ಸಡಿಲ ಆಗಿದೆ. ಹೀಗಾದಾಗ ಸ್ಪ್ರಿಂಗ್ ಎಷ್ಟು ಸಡಿಲ ಮಾಡಿದರೂ ಅಷ್ಟೇ.

ಆ ಸ್ಕ್ರೂ ಇನ್ನು ಮುಟ್ಟಬೇಡಿ. ಕನಿಷ್ಠ ಗುರುತು ದಾಟಿ ಬಿಚ್ಚಿದರೆ ಒಳಗಿನ ಪ್ಲೇಟಿನಿಂದ ಕಳಚಿಕೊಳ್ಳುತ್ತೆ.

ಶೂ ಬೋರಲು ಹಾಕಿ ಮೂರೂ ಬೋಲ್ಟ್ ನೋಡಿ. ಪ್ರತಿ ಬೋಲ್ಟಿನ ತಲೆ ಕೆಳಗೆ ಲೋಹದ ವಾಷರ್ ಇದೆಯಾ? ಕ್ಲೀಟ್ ಸುತ್ತ ಸೋಲ್ ಮೇಲೆ ಗೀರು ಬಿದ್ದಿದೆಯಾ? ಫೋಟೊ ಹಾಕಿ. ಅಲ್ಲಿವರೆಗೂ ಈ ಶೂ ಹಾಕ್ಕೊಂಡು ರಸ್ತೆಗೆ ಇಳೀಬೇಡಿ, ಬೆಟ್ಟದ ಮಾತಂತೂ ಬೇಡವೇ ಬೇಡ.

ಮೂರನೇ ಗೇರು:
ಫೋಟೊ ಹಾಕಿದ್ದೀನಿ. ಮುಂದಿನ ಬೋಲ್ಟ್ ಬೆರಳಲ್ಲೇ ತಿರುಗ್ತಿದೆ. ಹಿಂದಿನ ಎರಡರಲ್ಲಿ ಒಳಬದಿಯದಕ್ಕೆ ವಾಷರ್ ಇಲ್ಲ. ಕ್ಲೀಟಿನ ಹಿಂಭಾಗದಲ್ಲಿ ಸೋಲ್ ಮೇಲೆ ಬಿಲ್ಲಿನ ಹಾಗೆ ಬಿಳಿ ಗೀರು, ಹತ್ತಿರ ಹತ್ತಿರ ಒಂದು ಸೆಂ.ಮೀ.

ಹದಿನೈದರ ಸ್ಪ್ಯಾನರ್:
ಅದೇ. ವಾಷರ್ ಇಲ್ಲದ ಕಡೆ ಬೋಲ್ಟಿನ ತಲೆ ಪ್ಲಾಸ್ಟಿಕ್ಕಿನೊಳಗೆ ಇಳಿದುಬಿಟ್ಟಿದೆ, ಫೋಟೊದಲ್ಲೇ ಗುಳಿ ಕಾಣುತ್ತೆ. ಆ ಬೋಲ್ಟ್ ಬಿಗಿಯಾಗಿದೆ ಅಂತ ಕೈಗೆ ಅನಿಸುತ್ತೆ, ಆದರೆ ಕ್ಲೀಟನ್ನ ಹಿಡಿದಿಲ್ಲ. ಈ ಕ್ಲೀಟ್ ಮುಗೀತು. ಹೊಸ ಜೋಡಿ ತಗೊಳ್ಳಿ, ಬೋಲ್ಟು ವಾಷರ್ ಅದರ ಜೊತೆಗೇ ಬರುತ್ತೆ. ಹಳದಿಯೇ ಇರಲಿ. ನೀಲಿಗೆ ಆಟ 2 ಡಿಗ್ರಿ, ಕೆಂಪಿಗೆ ಸೊನ್ನೆ. ಹೊಸಬರಿಗೆ, ಅದೂ ಮಂಡಿ ನೋವಿರೋವಾಗ, ಕೆಂಪು ಬೇಡ.

ಕ್ಲೀಟ್ ಜಾರಿರೋದರಿಂದ ಹಳೇ ಗುರುತು ನಂಬೋ ಹಾಗಿಲ್ಲ. ಹೊಸದಾಗಿ ಕೂರಿಸಿ. ಶೂ ಹಾಕಿಕೊಂಡು ಹೆಬ್ಬೆರಳ ಬುಡದ ಗಂಟನ್ನ ಹೊರಗಿನಿಂದ ತಡವಿ ಟೇಪ್ ಅಂಟಿಸಿ ಗೆರೆ ಎಳೀರಿ. ಕಿರುಬೆರಳ ಬುಡದ ಗಂಟಿಗೂ ಹಾಗೇ. ಪೆಡಲಿನ ಆಕ್ಸಲ್ (ಪೆಡಲ್ ತಿರುಗೋ ನಡುವಿನ ಕಂಬಿ) ಈ ಎರಡು ಗೆರೆಗಳ ನಡುವೆ ಬರಬೇಕು. ಅನುಮಾನ ಬಂದರೆ ಕ್ಲೀಟ್ ಒಂದೆರಡು ಮಿ.ಮೀ. ಹಿಂದಕ್ಕೇ ಇರಲಿ. ತೀರಾ ಮುಂದಿದ್ದರೆ ಬೆರಳು ಜೋಮು ಹಿಡಿಯುತ್ತೆ, ಮೀನಖಂಡಕ್ಕೂ ಕೆಲಸ ಜಾಸ್ತಿ.

ಕೋನಕ್ಕೆ: ಎತ್ತರದ ಮೇಜಿನ ಅಂಚಲ್ಲಿ ಕೂತು ಕಾಲು ಇಳಿಬಿಡಿ. ಪಾದ ತಾನಾಗಿ ಹೊರಕ್ಕೋ ಒಳಕ್ಕೋ ಎಷ್ಟು ತಿರುಗಿ ನಿಲ್ಲುತ್ತೋ, ಪೆಡಲ್ ಮೇಲೂ ಅಷ್ಟೇ ತಿರುಗಿ ನಿಲ್ಲೋ ಹಾಗೆ ಕ್ಲೀಟ್ ಕೂರಿಸಿ. ಎರಡು ಕಾಲೂ ಒಂದೇ ಥರ ಇರಬೇಕು ಅಂತೇನಿಲ್ಲ.

ಬೋಲ್ಟಿನ ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ. ಬೆವರು, ಮಳೆ ನೀರಿಗೆ ತುಕ್ಕು ಹಿಡಿದರೆ ಆಮೇಲೆ ಬಿಚ್ಚಕ್ಕೇ ಬರಲ್ಲ. 4 ಮಿ.ಮೀ. ಅಲೆನ್ ಕೀಯಲ್ಲಿ ಮೂರನ್ನೂ ಸರದಿ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕೊನೆಗೆ 5–6 ನ್ಯೂಟನ್ ಮೀಟರ್. ಬಿಗಿ ಅಳೆಯೋ ಟಾರ್ಕ್ ರೆಂಚ್ ಇಲ್ಲದಿದ್ದರೆ 8 ಸೆಂ.ಮೀ. ಉದ್ದದ ಕೀ ತುದಿಗೆ ಆರೇಳು ಕೆ.ಜಿ. ತೂಗಿ ಹಾಕಿದಷ್ಟು ಬಲ ಅಂದ್ಕೊಳ್ಳಿ. ಜನ ಸಾಮಾನ್ಯವಾಗಿ ಇದರ ಅರ್ಧಕ್ಕೇ ನಿಲ್ಲಿಸ್ತಾರೆ. ಮೊದಲ ಸವಾರಿ ಆದಮೇಲೆ ಇನ್ನೊಂದು ಸಲ ಬಿಗಿ ನೋಡಿ, ಹೊಸ ಪ್ಲಾಸ್ಟಿಕ್ ಒಂಚೂರು ಕೂರುತ್ತೆ.

ಮಂಡಿ ನೋವಿಗೆ ಈಗಲೇ ಸೀಟು ಮುಟ್ಟಬೇಡಿ. ಕ್ಲೀಟ್ ದಿನಕ್ಕೊಂದು ಕೋನಕ್ಕೆ ಹೋಗ್ತಿದ್ದರೆ ಮಂಡಿ ಸುಮ್ಮನಿರಲ್ಲ. ಇದು ಸರಿಯಾದ ಮೇಲೂ ನೋವಿದ್ದರೆ ಆಗ ಸೀಟಿನ ಎತ್ತರ ನೋಡೋಣ. ಎರಡೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ಗಾಳಿಪಂಪು:
ಒಪ್ಪಿದೆ. ಒಂದು ಮಾತು ಸೇರಿಸ್ತೀನಿ. ದಾರಿಯಲ್ಲೇ ಹೀಗೆ ಸಿಕ್ಕಿಕೊಂಡರೆ ಎಳೀಬೇಡಿ. ಗೋಡೆನೋ ಕಂಬನೋ ಹಿಡಿದು ನಿಂತು, ಶೂ ಪಟ್ಟಿ ಸಡಿಲಿಸಿ, ಶೂ ಪೆಡಲಿನಲ್ಲೇ ಬಿಟ್ಟು ಕಾಲು ಹೊರಗೆ ತೆಗೀರಿ.

ನಿಲ್ಲೋಕೆ ಹತ್ತು ಮೀಟರ್ ಮೊದಲೇ, ಎಡ ಪೆಡಲ್ ಕೆಳಗೆ ಬಂದಾಗ ಹಿಮ್ಮಡಿ ಹೊರಕ್ಕೆ ತಿರುಗಿಸಿ ಬಿಡಿಸ್ಕೊಳ್ಳಿ. ಕಾಲು ಮೇಲಕ್ಕೆ ಎಳೆದರೆ ಬರಲ್ಲ. ಬರೀ ಎಡಗಾಲು ಬಿಡಿಸ್ಕೊಂಡವರು ಬಲಕ್ಕೆ ಬೀಳೋದು ಮಾಮೂಲು. ನಿಲ್ಲೋ ಗಳಿಗೆಗೆ ಹ್ಯಾಂಡಲ್ ಚೂರು ಬಲಕ್ಕೆ ತಿರುಗಿಸಿದರೆ ಸೈಕಲ್ ತಾನಾಗಿ ಎಡಕ್ಕೆ ವಾಲುತ್ತೆ. ಬೆಟ್ಟದಲ್ಲಿ ಉಸಿರು ಕಟ್ಟಿ ನಿಲ್ಲಬೇಕು ಅನಿಸಿದರೆ ವೇಗ ಇರೋವಾಗಲೇ ಬಿಡಿಸಿ, ಪೂರ್ತಿ ನಿಂತ ಮೇಲೆ ಟೈಮ್ ಸಿಗಲ್ಲ.

ನನ್ನ ಕೇಳಿದರೆ ಪೇಟೆ ಸಿಗ್ನಲ್‌ಗಳಲ್ಲಿ ಓಡಾಡೋರಿಗೆ ಶಿಮಾನೊದ್ದೇ ಇನ್ನೊಂದು ಥರದ ಪೆಡಲ್, ಎರಡು ಬೋಲ್ಟಿನ ಎಸ್‌ಪಿಡಿ, ಅದಕ್ಕೆ ಎಸ್‌ಎಚ್56 ಕ್ಲೀಟೇ ಸುಲಭ. ಪೆಡಲಿನ ಎರಡು ಮಗ್ಗುಲಲ್ಲೂ ಸಿಗುತ್ತೆ, ಯಾವ ಕಡೆ ತಿರುಗಿಸಿದರೂ ಬಿಡುತ್ತೆ.

ಹದಿನೈದರ ಸ್ಪ್ಯಾನರ್:
ಅದಕ್ಕೆ ಶೂನೂ ಬೇರೆ ಬೇಕು. ಮೊದಲು ಮೂರು ವಾಷರ್ ಹಾಕಿ ನೋಡಲಿ.

ಮೂರನೇ ಗೇರು:
ಹೊಸ ಕ್ಲೀಟ್ ಹಾಕಿದೆ. ಈಗ ಟಕ್ ಅಂತ ಬಿಡ್ತಿದೆ, ಬಲಗಾಲಿಗಿಂತ ಸಲೀಸು. ಮೈದಾನದಲ್ಲಿ 30 ಸಲ ಹಾಕಿ ಬಿಡಿಸಿ ನೋಡಿದೆ. ಹಾಗಾದರೆ ಸ್ಪ್ರಿಂಗ್ ಎಷ್ಟಿಡಲಿ?

ಹದಿನೈದರ ಸ್ಪ್ಯಾನರ್:
ಎಡದ್ದು ಕನಿಷ್ಠದಲ್ಲಿದೆ, ಬಲದ್ದು ಮುಟ್ಟಿಲ್ಲ, ಅದಕ್ಕೇ ಆ ವ್ಯತ್ಯಾಸ. ಬಲದ್ದನ್ನೂ ಕನಿಷ್ಠಕ್ಕೆ ತನ್ನಿ. 2.5 ಮಿ.ಮೀ. ಕೀ, ಕನಿಷ್ಠ ಗುರುತಿಗೆ ನಿಲ್ಲಿಸಿ. ಒಂದು ತಿಂಗಳು ಹಾಗೇ ಓಡಿಸಿ. ಎದ್ದು ನಿಂತು ತುಳಿಯೋವಾಗ ಕಾಲು ತಾನಾಗಿ ಕಳಚಿಕೊಂಡರೆ ಮಾತ್ರ ಎರಡೂ ಕಡೆ ಒಂದೊಂದೇ ಕ್ಲಿಕ್ ಜಾಸ್ತಿ ಮಾಡಿ. ಕ್ಲೀಟಿನ ಮೂಲೆಗಳಲ್ಲಿರೋ ಹಳದಿ ಭಾಗ ಸವೆದು ಹೋದ ದಿನ ಹೊಸ ಜೋಡಿ ಹಾಕಿ. ಸಿಮೆಂಟ್ ಮೇಲೆ ನಡೆಯೋದು ಜಾಸ್ತಿ ಇದ್ದರೆ ರಬ್ಬರ್ ಕವರ್ ಜೇಬಲ್ಲಿ ಇಟ್ಕೊಳ್ಳಿ.