ಅಪ್‌ಡೇಟ್: ಮಾಮಿಯಾ ಆರ್‌ಬಿ67ಗೆ ಟ್ರೈಪಾಡ್ ತಗೊಂಡಾಯ್ತು

ಲೆನ್ಸ್ ಸೇರಿ ಎರಡೂವರೆ ಕಿಲೋ ದಾಟುವ ಫಿಲ್ಮ್ ಕ್ಯಾಮೆರಾ ಆರ್‌ಬಿ67ಗೆ ಯಾವ ಟ್ರೈಪಾಡ್, ಯಾವ ಹೆಡ್ (ಕ್ಯಾಮೆರಾ ಕೂರುವ ತಲೆಭಾಗ), ಯಾವ ಪ್ಲೇಟ್ (ಕ್ಯಾಮೆರಾವನ್ನು ಹೆಡ್ಡಿಗೆ ಸೇರಿಸುವ ಪಟ್ಟಿ) ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ದಪ್ಪ ಕಾಲಿನ ಅಲ್ಯೂಮಿನಿಯಂ ಟ್ರೈಪಾಡನ್ನೇ ತಗೊಂಡೆ. ಹೊರೋಕೆ ಭಾರ, ಆದರೆ ಆನೆಗೊಂದಿ ಬೆಟ್ಟದ ಗಾಳಿಗೆ ಆ ಭಾರ ಬೇಕೇ ಬೇಕು. ನಡುಗಂಬ ಎತ್ತೋದೇ ಇಲ್ಲ.

ಎಲ್ಲ ದಿಕ್ಕಿಗೂ ಒಟ್ಟಿಗೇ ಸಡಿಲವಾಗುವ ಬಾಲ್ ಹೆಡ್ ಬೇಡ ಅಂದವರ ಮಾತು ನೂರಕ್ಕೆ ನೂರು ಸರಿ. ಈ ಕ್ಯಾಮೆರಾದ ಹಿಂಭಾಗವೇ ತಿರುಗುತ್ತದೆ. ಲಂಬ ಚಿತ್ರಕ್ಕೆ ಕ್ಯಾಮೆರಾ ವಾಲಿಸೋ ಕೆಲಸವೇ ಇಲ್ಲ, ಅಲ್ವಾ? ತ್ರೀ-ವೇ ಹೆಡ್‌ನಲ್ಲಿ ಒಂದೊಂದೇ ದಿಕ್ಕು ಸಡಿಲಿಸಿ ಹೊಂದಿಸಬಹುದು. ಇಟಗಿಯ ಮಹಾದೇವ ದೇವಾಲಯದ ಹೊಳೆಯುವ ಕಂಬಗಳನ್ನು ಫ್ರೇಮ್‌ನಲ್ಲಿ ನೆಟ್ಟಗೆ ಕೂರಿಸೋಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ.

ಪ್ಲೇಟ್ ವಿಷಯ ಮುಖ್ಯ. ಹತ್ತಿರದ ಕೆತ್ತನೆಗೆ ಬೆಲ್ಲೋಸ್ (ಲೆನ್ಸನ್ನು ಮುಂದೆ ತರುವ ಮಡಿಕೆ ಭಾಗ) ಚಾಚಿದರೆ ತೂಕವೆಲ್ಲ ಮುಂದಕ್ಕೆ ಬೀಳುತ್ತದೆ. ಕ್ಲ್ಯಾಂಪಿನಲ್ಲಿ ಜಾರುವ ಆರ್ಕಾ ಮಾದರಿಯ ಉದ್ದನೆ ಪ್ಲೇಟನ್ನು ಲೆನ್ಸ್ ದಿಕ್ಕಿಗೇ ಹಾಕಿದ್ದೇನೆ. ಕ್ಲ್ಯಾಂಪ್ ಸಡಿಲಿಸಿ ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಸರಿಸಿದರೆ ಸಾಕು, ಹೆಡ್ ಬಗ್ಗಲ್ಲ. ಸ್ಕ್ರೂವನ್ನು ಅಲೆನ್ ಕೀಯಿಂದಲೇ ಬಿಗಿ ಮಾಡಿ.

ಕ್ಯಾಮೆರಾ ಒಳಗಿನ ಕನ್ನಡಿ ಮೇಲೇಳುವಾಗಿನ ಹೊಡೆತ ದೊಡ್ಡದು. ಲೆನ್ಸ್ ಮೇಲಿನ ಗುಬುಟು ತಿರುಗಿಸಿ, ಮೊದಲು ಕನ್ನಡಿ ಎತ್ತಿ, ಅಲುಗಾಟ ನಿಂತ ಮೇಲೆ ಕೇಬಲ್ ರಿಲೀಸ್ ಒತ್ತುತ್ತೇನೆ. ನಿಧಾನ ಶಟರ್‌ನಲ್ಲೂ ನೆಗೆಟಿವ್ ಚೂಪಾಗಿ ಬಂದಿದೆ.

ಸಂರಕ್ಷಿತ ದೇವಾಲಯಗಳಲ್ಲಿ ಟ್ರೈಪಾಡ್ ಹೂಡೋಕೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತಗೊಳ್ಳಿ. ಕಲ್ಲಿನ ನೆಲಕ್ಕೆ ರಬ್ಬರ್ ಪಾದ ಇರಲಿ, ಮೊಳೆ ಪಾದ ಬೇಡ.