ಅಕ್ಕನ ಮಗಳ ಘಟಿಕೋತ್ಸವಕ್ಕೆ ಏನು ಉಡಬೇಕು, ಏನು ಕೊಡಬೇಕು?

ಸಿಂಧನೂರು ಭತ್ತ:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳಿಗೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಾಗ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕ ಚಿನ್ನದ ಪದಕ ಬಂದದ. ಘಟಿಕೋತ್ಸವಕ್ಕ ಸಿಂಧನೂರಿಂದ ಐದು ಮಂದಿ ಹೊಂಟೀವಿ: ಅಕ್ಕ, ಭಾವ, ನಮ್ಮವ್ವ, ನಾನು, ನನ್ನ ಹೆಂಡ್ತಿ. ಅವ್ವಗ ಎಪ್ಪತ್ತು ದಾಟ್ಯದ, ಬಿಪಿ ಸಕ್ಕರಿ ಎರಡೂ ಅವ. ಬಿಸಿಲು ನಿಮಗೆಲ್ಲ ಗೊತ್ತೇ ಅದ. ಹುಡುಗಿಗೆ ಸೀರಿ ಉಡೋ ಆಸೆ, ಮ್ಯಾಲೆ ಗೌನ್ ಹಾಕ್ತಾರಂತ. ಸೀರಿ ಮ್ಯಾಲೆ ಅದು ಕೂಡ್ತದೇನು? ನಾವು ಎಂಥ ಬಟ್ಟಿ ಹಾಕ್ಕೋಬೇಕು? ಸೋದರಮಾವ ಆದ ಮ್ಯಾಲೆ ನಾನಂತೂ ಬರಿಗೈಲೆ ಹೋಗಂಗಿಲ್ಲ. ಶಾಲು, ಹಾರ, ಉಂಗುರ ಅಲ್ಲೇ ಹಾಕಬೇಕೋ, ಮನ್ಯಾಗೋ? ತಿಳಿದವರು ಹೇಳ್ರಿ.

ತುಂಗಭದ್ರೆ ದಂಡಿ:

ಮೊದಲು ಹುಡುಗಿಗೆ ನಮ್ಮ ಅಭಿನಂದನೆ ತಿಳಿಸ್ರಿ.

ಬಟ್ಟೆಗಿಂತ ಮುಂಚೆ ಪಾಸ್ ನೋಡಿಕೊಳ್ಳಿ. ಒಬ್ಬ ಅಭ್ಯರ್ಥಿಯ ಜೊತೆಗೆ ಸಾಮಾನ್ಯವಾಗಿ ಒಬ್ಬರಿಗೋ ಇಬ್ಬರಿಗೋ ಮಾತ್ರ ಒಳಗೆ ಬಿಡುತ್ತಾರೆ. ಎರಡೇ ಪಾಸ್ ಸಿಕ್ಕರೆ ಒಳಗೆ ಹೋಗುವವರು ಯಾರು ಅನ್ನುವುದು ಮನೆಯಲ್ಲೇ ತೀರ್ಮಾನವಾಗಲಿ. ಗೇಟಿನ ಮುಂದೆ ಆ ಮಾತು ಎದ್ದರೆ ಹಿರಿಯರ ಮನಸ್ಸಿಗೆ ನೋವಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಅಕ್ಕ ಭಾವ ಒಳಗಿರಲಿ. ಅವ್ವನನ್ನು ಮೂರು ನಾಲ್ಕು ತಾಸು ಶಾಮಿಯಾನದ ಕೆಳಗೆ ಕೂಡಿಸುವುದಕ್ಕಿಂತ ಬಳ್ಳಾರಿಯಲ್ಲಿ ಪರಿಚಯದವರ ಮನೆಯಲ್ಲಿ ಇರಿಸಿ, ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಕರೆತನ್ನಿ. ಪದಕ ಹಾಕಿಕೊಂಡ ಮೊಮ್ಮಗಳನ್ನು ಅವರು ಹತ್ತಿರದಿಂದ ನೋಡುವುದು ಆಗಲೇ.

ರಾಜ್ಯಪಾಲರೇ ವಿಶ್ವವಿದ್ಯಾಲಯದ ಕುಲಾಧಿಪತಿ. ಅವರು ಬರುವ ದಿನ ಪೊಲೀಸ್ ತಪಾಸಣೆ ಬಿಗಿ ಇರುತ್ತದೆ. ಕೈಚೀಲ, ನೀರಿನ ಬಾಟಲಿ, ಪವರ್ ಬ್ಯಾಂಕ್, ಬೆಂಕಿಪೊಟ್ಟಣ ಗೇಟಿನಲ್ಲೇ ಉಳಿಯುತ್ತವೆ. ಕೆಲವು ಕಡೆ ಮೊಬೈಲನ್ನೂ ಬಿಡುವುದಿಲ್ಲ. ಹಿರಿಯ ಹೆಣ್ಣುಮಕ್ಕಳ ಎಲೆ ಅಡಿಕೆ ಚಂಚಿಯಲ್ಲಿ ಅಡಕತ್ತರಿ ಇದ್ದರೆ ಅದನ್ನೂ ತೆಗೆದಿಡುತ್ತಾರೆ, ಆಮೇಲೆ ಹುಡುಕಿದರೆ ಸಿಗುವುದು ಕಷ್ಟ. ಮನೆಯಲ್ಲೇ ಬಿಟ್ಟು ಬರ್ರಿ. ಅವ್ವ ಒಳಗೇ ಬರುವುದಾದರೆ ಅವತ್ತಿನ ಮಾತ್ರೆಗಳನ್ನು ಬಿಡಿ ಬಿಡಿಯಾಗಿ ಪುಡಿಕೆ ಕಟ್ಟಬೇಡಿ, ಹೆಸರು ಕಾಣುವ ಸ್ಟ್ರಿಪ್ಪನ್ನೇ ಡಾಕ್ಟರ ಚೀಟಿಯೊಂದಿಗೆ ಜೇಬಿನಲ್ಲಿಡಿ. ಸಕ್ಕರೆ ಇಳಿದರೆ ಬೇಕಾಗುತ್ತದೆ, ನಾಲ್ಕು ಪೆಪ್ಪರಮೆಂಟು ಜೊತೆಗಿರಲಿ. ಒಳಗೆ ಹೋಗುವವರೆಲ್ಲ ಆಧಾರ್ ಕಾರ್ಡ್ ಇಟ್ಟುಕೊಂಡಿರಿ.

ಯಾರೂ ಕಪ್ಪು ಬಟ್ಟೆ ಹಾಕಬೇಡಿ. ಗಣ್ಯರ ಕಾರ್ಯಕ್ರಮದಲ್ಲಿ ಕಪ್ಪು ಬಾವುಟ ತೋರಿಸಬಹುದೆಂಬ ಅನುಮಾನಕ್ಕೆ ಕಪ್ಪು ಅಂಗಿ, ಕಪ್ಪು ವೇಲ್ ಕಂಡರೆ ಪೊಲೀಸರು ತಡೆಯುವುದುಂಟು. ಗಂಡಸರಿಗೆ ಬಿಳಿ ಅಥವಾ ತಿಳಿಬಣ್ಣದ ಹತ್ತಿ ಅಂಗಿ, ಪ್ಯಾಂಟ್ ಸಾಕು. ಪಂಚೆ ಉಡುವವರು ಧಾರಾಳವಾಗಿ ಉಡಲಿ, ಹಿರಿಯರು ರುಮಾಲು ಸುತ್ತಿಕೊಂಡರೂ ಚೆಂದ. ಕೋಟು ಮಾತ್ರ ಬೇಡ, ಅರ್ಧ ತಾಸಿಗೇ ಬೆನ್ನು ತೋಯುತ್ತದೆ. ಹೊಸ ಚಪ್ಪಲಿಯೂ ಬೇಡ. ವಾಹನ ದೂರ ನಿಲ್ಲಿಸಿ ನಡೆಯಬೇಕಾಗುತ್ತದೆ.

ಸಿಂಧನೂರಿಂದ ಸಿರುಗುಪ್ಪ ದಾರಿಯಲ್ಲಿ ಬಂದು ಕಂಟೋನ್ಮೆಂಟ್ ಕಡೆಯ ಜ್ಞಾನಸಾಗರ ಆವರಣ ಮುಟ್ಟಲು ಎರಡೂವರೆ ಮೂರು ತಾಸು ಇಟ್ಟುಕೊಳ್ಳಿ. ಕಾರ್ಯಕ್ರಮಕ್ಕೆ ಒಂದು ತಾಸು ಮುಂಚೆ ಎಲ್ಲರೂ ಕುರ್ಚಿಯಲ್ಲಿರಬೇಕು. ಶೈಕ್ಷಣಿಕ ಮೆರವಣಿಗೆ ಹೊರಟಮೇಲೆ ಬಾಗಿಲು ಹಾಕುತ್ತಾರೆ. ಕೊನೆಗೆ ರಾಷ್ಟ್ರಗೀತೆ ಮುಗಿದು ಮೆರವಣಿಗೆ ಹೊರಗೆ ಹೋಗುವವರೆಗೂ ಏಳುವ ಹಾಗಿಲ್ಲ. ಆದ್ದರಿಂದ ಹೊಟ್ಟೆ ತುಂಬ ನಾಷ್ಟಾ ಮಾಡಿಯೇ ಒಳಗೆ ಹೋಗಿ.

ಇಳಕಲ್ ಸೆರಗು:

ಅಣ್ಣಾರ, ಹುಡುಗಿ ಸೀರಿ ಬಗ್ಗೆ ನಾ ಹೇಳ್ತೀನಿ. ಮೊದಲು ಗೌನೋ ಶಾಲೋ ಕೇಳ್ಕೋರಿ. ಘಟಿಕೋತ್ಸವಕ್ಕ ಕೈಮಗ್ಗದ ಬಟ್ಟಿ ಬಳಸ್ರಿ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಾಗ ವಿಶ್ವವಿದ್ಯಾಲಯಗಳಿಗೆ ಬರೆದಿತ್ತು. ಕರಿ ಗೌನ್ ಬಿಟ್ಟು ಶಾಲು, ಪೇಟಕ್ಕ ಬಂದ ಕಡೆಗಳೂ ಅವ. ಬರೀ ಶಾಲು ಇದ್ರ ಸೀರಿ ಪೂರ್ತಿ ಕಾಣ್ತದ, ಆಗ ಟೋಪಿ ತೆನಿ (ಕೆಂಪು ಬಿಳಿ ಚಿತ್ತಾರದ) ಸೆರಗಿನ ಇಳಕಲ್ ಸೀರಿ ಉಡಿಸ್ರಿ. ನಮ್ಮ ಕುಷ್ಟಗಿ ತಾಲ್ಲೂಕಿನ ದೋಟಿಹಾಳದಾಗೂ ನೇಯ್ತಾರ. ತಗೋಳ್ಳೋವಾಗ ಒಡಲು ಹತ್ತೀದೇ ಇರ್ಲಿ. ಆರ್ಟ್ ಸಿಲ್ಕ್ (ಕೃತಕ ರೇಷ್ಮಿ) ಒಡಲು ಮಿಂಚ್ತದ ನಿಜ, ಆದ್ರ ಬೆವರು ಹೀರಂಗಿಲ್ಲ, ಮೈಗೆ ಅಂಟ್ಕೋತದ.

ಗೌನ್ ಇದ್ರ ತೆಳು ಹತ್ತಿ ಸೀರಿನೇ ಸೈ. ದಪ್ಪ ಜರಿ ರೇಷ್ಮಿ ಉಟ್ರ ಗೌನ್ ಒಳಗ ಸೊಂಟದ ಹತ್ರ ಉಬ್ಬಿ ನಿಲ್ತದ. ಸೆರಗನ್ನ ಸಣ್ಣ ನೆರಿಗಿ ಹಿಡಿದು ಎಡಗಡಿ ಭುಜಕ್ಕ ಪಿನ್ ಹಾಕ್ರಿ. ಉಳಿದ ಸೆರಗು ಹಿಂದ ಇಳಿಬಿಟ್ರ ಗೌನ್ ಕೆಳಗ ಬಾಲದಂಗ ಹೊರಗ ಬರ್ತದ, ಅದಕ್ಕ ಬಲಗಡಿಯಿಂದ ಮುಂದಕ್ಕ ತಂದು ಸೊಂಟಕ್ಕ ಸಿಗಿಸ್ರಿ. ಕುಬಸದ ತೋಳು ಗಿಡ್ಡ ಇರ್ಲಿ, ಮೊಣಕೈ ಉದ್ದ ಇದ್ರ ಗೌನ್ ತೋಳಿನಾಗ ಮುದ್ದಿಯಾಗ್ತದ. ಗೌನ್ ಹಿಂದಿನ ಭಾರಕ್ಕ ಕುತ್ತಿಗಿ ಕಡೆ ಜಗ್ತದ, ಒಂದೊಂದು ಭುಜಕ್ಕ ಎರಡರಂಗ ನಾಕು ಸೇಫ್ಟಿ ಪಿನ್ ಒಳಗಿಂದ ಕುಬಸಕ್ಕ ಸೇರಿಸಿ ಹಾಕ್ರಿ. ಗೌನ್ ಬಟ್ಟಿ ಹರೀದಂಗ ಹೊಲಿಗಿ ಇರೋ ಜಾಗದಾಗ ಚುಚ್ರಿ, ತಿರುಗಿ ಕೊಡಬೇಕಾಗ್ತದ.

ಅವತ್ತು ಹಾಕೋ ಚಪ್ಪಲಿ ಹಾಕ್ಕೊಂಡೇ ಸೀರಿ ಉಡಬೇಕು. ಇಲ್ಲಂದ್ರ ವೇದಿಕಿ ಮೆಟ್ಟಲ ಹತ್ತುವಾಗ ನೆರಿಗಿ ಕಾಲಿಗೆ ಸಿಗ್ತದ. ತಲಿಗೆ ಟೋಪಿ ಅಥವಾ ಪೇಟ ಬರೋದಾದ್ರ ಎತ್ತರದ ತುರುಬು ಬ್ಯಾಡ, ಜಡಿ ಹಾಕಿ ಮಲ್ಲಿಗಿ ಕುತ್ತಿಗಿ ಮಟ್ಟಕ್ಕ ಮುಡಿಸ್ರಿ. ಉದ್ದನ ಸರ ಬ್ಯಾಡ, ಪದಕದ ರಿಬ್ಬನ್‌ಗೆ ಸುತ್ತಿಕೊಂಡ್ರ ಬಿಡಿಸೋದ್ರಾಗ ಫೋಟೋ ಹೋಗ್ತದ.

ಇನ್ನ ಕೊಡೋದು. ಆವರಣದಾಗ ಒಂದು ಹಾರ ಸಾಕು, ಅದೂ ಗೌನ್ ತೆಗೆದ ಮ್ಯಾಲೆ. ಒದ್ದಿ ಹೂವಿನ ನೀರು, ಅರಿಶಿಣ ಕುಂಕುಮ ಗೌನ್‌ಗೆ ತಾಗಿದ್ರ ಕಲೆ ಹೋಗಂಗಿಲ್ಲ, ಠೇವಣಿ ಹಿಡೀತಾರ. ಉಂಗುರ, ಶಾಲು, ಆಯೇರಿ ಎಲ್ಲ ಮನ್ಯಾಗ ಮಾಡ್ರಿ. ಮಣಿ ಮ್ಯಾಲೆ ಕುಂದ್ರಿಸಿ, ಆರತಿ ಎತ್ತಿ, ಮಾವನ ಕಡೆಯಿಂದ ಸೀರಿ, ಗುಳೇದಗುಡ್ಡ ಖಣ ಕೊಟ್ರ ಅವ್ವಗೂ ಸಮಾಧಾನ. ಉಡಿ ತುಂಬೋದಿದ್ರ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಅಡಿಕಿ, ಎಲಿ, ಬೆಲ್ಲ ಮೊದಲೇ ಕಟ್ಟಿಡ್ರಿ. ಮದುವಿ ಆಗದ ಹುಡುಗಿಗೆ ಕೆಲವು ಮನೆತನದಾಗ ತುಂಬಂಗಿಲ್ಲ, ನಿಮ್ಮ ಅವ್ವನ್ನ ಕೇಳ್ರಿ. ರೊಕ್ಕ ಕೊಡೋರು 501, 1,001 ಅಂತ ಒಂದು ರೂಪಾಯಿ ಸೇರಿಸಿ ಕೊಡ್ರಿ; ಬಳ್ಳಾರಿ ಕಡೆ ತೆಲುಗು ಮನಿಯವರು 1,116 ಕೊಡ್ತಾರ. ಅದಕ್ಕಿಂತ ಹೆಚ್ಚಿಂದು ಸಾಲ ಮಾಡಿ ಕೊಡೋದು ಬ್ಯಾಡ, ಮುಂದ ಮದುವಿಗೆ ಮುಯ್ಯಿ ಇದ್ದೇ ಇರ್ತದ.

ಹಂಚಾಕ ಸಿಹಿ ಒಯ್ಯೋದಾದ್ರ ಅಮೀನಗಡ ಕರದಂಟು ಒಯ್ರಿ. ಖೋವಾದ್ದು ಬ್ಯಾಸಿಗಿಯಾಗ ಕಾರ್ ಡಿಕ್ಕಿಯಾಗಿಟ್ರ ಸಂಜಿಗೇ ಹುಳಿ ವಾಸನಿ.

ಸಿಂಧನೂರು ಭತ್ತ:

ಅಕ್ಕಾರ, ಅಣ್ಣಾರ, ಬಾಳ ಉಪಕಾರ. ಇನ್ನೊಂದು ಮಾತು. ಪ್ರಮಾಣಪತ್ರ ಲ್ಯಾಮಿನೇಷನ್ ಮಾಡಿಸಿ, ಪದಕದ ಜೊತಿಗೆ ಫ್ರೇಮ್ ಹಾಕಿಸಿ ಕೊಡಬೇಕಂತ ಭಾವನ ತಮ್ಮ ಹೇಳ್ಯಾನ. ಪದಕಾನ ಅಕ್ಕಸಾಲಿಗರ ಹತ್ರ ಪಾಲಿಶ್ ಮಾಡಿಸೋಣಂತನೂ ಅದ. ಹೆಂಗ?

ರಾಯಚೂರು ಕೋಟೆ ಬುಡ:

ಲ್ಯಾಮಿನೇಷನ್ ದಯವಿಟ್ಟು ಮಾಡಿಸಬೇಡಿ. ಹುಡುಗಿ ನಾಳೆ ಹೊರದೇಶದಲ್ಲಿ ಪಿಎಚ್‌.ಡಿ.ಗೋ ಕೆಲಸಕ್ಕೋ ಹೊರಟರೆ ಮೂಲ ಪದವಿ ಪತ್ರದ ಮೇಲೇ ದೃಢೀಕರಣದ ಮುದ್ರೆ, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಚೀಟಿ (ಪತ್ರ ಅಸಲಿ ಅಂತ ಹೊರದೇಶಕ್ಕೆ ಖಾತ್ರಿ ಕೊಡುವುದು) ಬೀಳಬೇಕು. ಪ್ಲಾಸ್ಟಿಕ್ ಮೇಲೆ ಮುದ್ರೆ ನಿಲ್ಲುವುದಿಲ್ಲ, ಪತ್ರವನ್ನು ವಾಪಸ್ ಕಳಿಸುತ್ತಾರೆ. ಬಿಸಿ ಮಾಡಿ ಬಿಚ್ಚಲು ಹೋದರೆ ಅಕ್ಷರದ ಮಸಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತದೆ, ಕಾಗದ ಹರಿಯುತ್ತದೆ. ಎರಡನೇ ಪ್ರತಿಗೆ ಅರ್ಜಿ, ಶುಲ್ಕ, ಓಡಾಟ ಎಲ್ಲ ಬೇಕಾಗುತ್ತದೆ.

ಪತ್ರ ಕೈಗೆ ಬಂದ ದಿನವೇ ಹೆಸರು, ತಂದೆ ತಾಯಿಯ ಹೆಸರು, ಪದವಿ, ವರ್ಷವನ್ನು ಅಂಕಪಟ್ಟಿಯ ಜೊತೆ ಹೋಲಿಸಿ ನೋಡಿ, ಕನ್ನಡ ಇಂಗ್ಲಿಷ್ ಎರಡರಲ್ಲೂ. ಇನಿಷಿಯಲ್ ಹಿಂದುಮುಂದಾಗಿದ್ದರೆ ಆಗಲೇ ಕುಲಸಚಿವರ ಕಚೇರಿಗೆ ಬರೆದುಕೊಡಿ. ವರ್ಷ ಕಳೆದ ಮೇಲೆ ಅಫಿಡವಿಟ್ ಕೇಳುತ್ತಾರೆ. ಆಮೇಲೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ದಪ್ಪ ಕಾಗದದ ಮೇಲೆ ಅದೇ ಅಳತೆಯಲ್ಲಿ ಪ್ರಿಂಟ್ ತೆಗೆಸಿ, ಆ ಪ್ರತಿಗೆ ಫ್ರೇಮ್ ಹಾಕಿಸಿ. ಅಳತೆ ನೋಡದೆ ಮೊದಲೇ ಫ್ರೇಮ್ ತಂದಿಡಬೇಡಿ, ಪದವಿ ಪತ್ರ ಎ4ಗಿಂತ ದೊಡ್ಡದೂ ಇರಬಹುದು. ಮೂಲ ಪತ್ರವನ್ನು ಮಡಚದೆ, ಪಂಚ್ ಹೊಡೆಯದೆ, ಪಾರದರ್ಶಕ ಹಾಳೆಗಳಿರುವ ಗಟ್ಟಿ ಫೈಲಿನಲ್ಲಿ ಹಾಕಿ ಬೀರುವಿನಲ್ಲಿಡಿ. ಗೋಡೆಗೆ ತಾಗಿದ ಮರದ ಕಪಾಟು ಬೇಡ, ಗೆದ್ದಲು ಮೊದಲು ಕಾಗದಕ್ಕೇ ಬರುತ್ತದೆ. ಡಿಜಿಲಾಕರ್‌ನಲ್ಲಿ ಪದವಿ ಬಂದಿದೆಯೇ ಅಂತಲೂ ಹುಡುಗಿ ನೋಡಿಕೊಳ್ಳಲಿ.

ಪದಕಕ್ಕೆ ಪಾಲಿಶ್ ಬೇಡವೇ ಬೇಡ. ಬಹಳಷ್ಟು ಕಡೆ ಅದು ಚಿನ್ನದ ಲೇಪ ಕೊಟ್ಟದ್ದು. ಉಜ್ಜಿದರೆ ಲೇಪ ಎದ್ದು ಒಳಗಿನ ಲೋಹ ಕಾಣುತ್ತದೆ, ಒರೆಗಲ್ಲಿಗೆ ಹಚ್ಚಿದರೆ ಗೀರು ಉಳಿಯುತ್ತದೆ. ಅದರ ಬೆಲೆ ತೂಕದಲ್ಲಿಲ್ಲ, ಆಕೆಯ ಓದಿನಲ್ಲಿದೆ. ಮೆತ್ತನೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಂದಿಂಚಾದರೂ ಆಳವಿರುವ ಗಾಜಿನ ಪೆಟ್ಟಿಗೆ ಮಾಡಿಸಿ, ರಿಬ್ಬನ್ ಸಮೇತ ಅದರಲ್ಲಿ ತೂಗುಹಾಕಿ ಕೊಟ್ಟರೆ ಭಾವನ ತಮ್ಮನ ಆಸೆಯೂ ತೀರುತ್ತದೆ. ಊರಿನ ಕಡೆಯದೇ ಏನಾದರೂ ಬೇಕೆಂದರೆ ಕಿನ್ನಾಳದ ಗೊಂಬೆ ಅಥವಾ ಸಂಡೂರಿನ ಲಂಬಾಣಿ ಕಸೂತಿಯ ಚೀಲ ಒಳ್ಳೆಯದು, ಎರಡಕ್ಕೂ ಆ ಊರಿನದೇ ವಿಶೇಷ ಅಂತ ಗುರುತಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಕಿನ್ನಾಳದ್ದು ಹಗುರ ಮರ, ಬಣ್ಣ ಚಕ್ಕೆ ಏಳದಂತೆ ಹತ್ತಿ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ತನ್ನಿ.

ಕುಡುತಿನಿ ಹುಡುಗ:

ನನ್ನ ತಂಗಿ ಬಳ್ಳಾರಿಯಲ್ಲೇ ಇಂಜಿನಿಯರಿಂಗ್ ಮುಗಿಸಿದ್ದಾಳೆ, ಕಾಲೇಜಿನಲ್ಲಿ ಗ್ರಾಜುಯೇಷನ್ ಡೇ ಇದೆ. ಇದೇ ನಿಯಮ ಅಲ್ಲೂ ನಡೆಯುತ್ತದಾ?

ತುಂಗಭದ್ರೆ ದಂಡಿ:

ಇಲ್ಲ ತಮ್ಮಾ, ಅದು ಕಾಲೇಜಿನದೇ ಸಮಾರಂಭ. ಇಂಜಿನಿಯರಿಂಗ್ ಪದವಿ ಕೊಡುವ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಘಟಿಕೋತ್ಸವ ಬೆಳಗಾವಿಯ ಜ್ಞಾನಸಂಗಮದಲ್ಲಿ ನಡೆಯುತ್ತದೆ. ಕಾಲೇಜಿನಲ್ಲಿ ಸಾಮಾನ್ಯವಾಗಿ ಮನೆಯವರನ್ನೆಲ್ಲ ಬಿಡುತ್ತಾರೆ, ಹೂಗುಚ್ಛ ಒಯ್ಯಬಹುದು, ಸಂಜೆ ಇದ್ದರೆ ರೇಷ್ಮೆ ಸೀರೆಯೂ ನಡೆಯುತ್ತದೆ. ಗೌನ್ ಬಾಡಿಗೆಯದ್ದಾದರೆ ಹಿಂದಿನ ದಿನವೇ ತಂದು ಅಳತೆ ನೋಡಿ, ಟೋಪಿಯ ಗೊಂಡೆ ಇದೆಯೇ ಅಂತ ನೋಡಿಕೊಳ್ಳಿ. ಕಳೆದುಹೋಗುವುದು ಅದೇ, ದಂಡ ಬೀಳುವುದೂ ಅದಕ್ಕೇ.