ನಾಲ್ಕು ನಿಂಬೆಹಣ್ಣು, ನಾಲ್ಕು ಟೈರು

ಗೌಡನ ಸ್ವಿಫ್ಟ್ ಕಾರಿನ ಟೈರು ಬೋಳಾಗಿದೆ ಎನ್ನುವುದು ಗೌಡನೊಬ್ಬನನ್ನು ಬಿಟ್ಟು ಮೈಸೂರಿನ ಸರಸ್ವತಿಪುರಂನ ಎಲ್ಲರಿಗೂ ಗೊತ್ತಿತ್ತು. ಶನಿವಾರ ಸಂಜೆ ಕಾಫಿ ಮುಗಿಸಿ ಹೋಟೆಲಿನಿಂದ ಹೊರಗೆ ಬಂದ ಶೆಟ್ರು ಮುಂದಿನ ಚಕ್ರದ ಹತ್ತಿರ ಬಗ್ಗಿ ಬೆರಳಲ್ಲಿ ಸವರಿದರು. "ಇದೆಂತದು ಮಾರಾಯ, ನನ್ನ ತಲೆಗಿಂತ ನುಣ್ಣಗಿದೆ!" ಎಂದರು. ಶೆಟ್ರ ತಲೆ ನೋಡಿದವರಿಗೆ ಮಾತ್ರ ಈ ಮಾತಿನ ಗಂಭೀರತೆ ಅರ್ಥವಾಗುತ್ತದೆ.

"ಏನೂ ಆಗಲ್ಲ ಬಿಡಿ ಶೆಟ್ರೇ" ಎಂದ ಗೌಡ. "ಆಯುಧಪೂಜೆಗೆ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದೇನೆ. ಬೂದುಗುಂಬಳಕಾಯಿ ಬೇರೆ ಒಡೆದಿದ್ದೇನೆ."

"ಸಂಪಾಜೆ ಘಾಟಿಯ ಮಳೆಗೆ ನಿಂಬೆಹಣ್ಣಿನ ವಿಷಯ ಯಾರು ಹೇಳುವುದು?"

ಗೌಡನ ಅತ್ತೆ ಮನೆ ಸುಳ್ಯ. ಮಡಿಕೇರಿ ದಾಟಿ ಸಂಪಾಜೆ ಇಳಿದೇ ಹೋಗಬೇಕು. ಈ ಮಾತು ಬಂದ ಮೇಲೆ ಗೌಡ ಸ್ವಲ್ಪ ಮೆತ್ತಗಾದ. "ಸರಿ, ಬದಲಾಯಿಸೋಣ. ಆದರೆ ಕಮ್ಮಿ ರೇಟಿನದ್ದು ಸಾಕು. ಅದೂ ದುಂಡಗೇ ಇರುತ್ತದೆ, ಅಲ್ವಾ?"

ಅಷ್ಟೇ ಬೇಕಾಗಿತ್ತು ನಮಗೆ. ಒಳಗೆ ಹೋಗಿ ಇನ್ನೊಂದು ಸಲ ಬೈಟು ಕಾಫಿ ಹೇಳಿದೆವು. ನನ್ನ ಹತ್ತಿರ ಇರುವುದು ಸ್ಕೂಟರ್. ಆದರೆ ಹರಟೆಗೆ ಕೂರುವವರ ಆರ್‌ಸಿ ಬುಕ್ ಯಾರೂ ಕೇಳುವುದಿಲ್ಲ.

ಗೌಡನ ಲೆಕ್ಕಾಚಾರ ನೋಡಿ ಹೇಗಿದೆ. ಕಾರಿಗೆ ಚರ್ಮದ ಸೀಟ್ ಕವರ್ ಹಾಕಿಸಿದ್ದಾನೆ. ಕಾಲಿನ ಹತ್ತಿರ ನೀಲಿ ಲೈಟು ಉರಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಟೀವಿಯಷ್ಟಗಲದ ಸ್ಕ್ರೀನ್ ಇದೆ. ಇದಕ್ಕೆಲ್ಲ ಚೌಕಾಸಿ ಇಲ್ಲ. ಕಾರು ನೆಲ ಮುಟ್ಟುವುದು ಮಾತ್ರ ನಾಲ್ಕು ಅಂಗೈ ಅಗಲದ ರಬ್ಬರಿನ ಮೇಲೆ. ಚೌಕಾಸಿ ಬಂದಿರುವುದು ಅಲ್ಲಿ!

ರಾಯರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಸಾಲ ಕೊಡದೇ ಇರುವುದಕ್ಕೆ ಹೆಸರಾದವರು. ಬಿಲ್ಲಿನ ಹಿಂದೆ ಬರೆಯಲು ಶುರುಮಾಡಿದರು. "ಅಗ್ಗದ್ದು ಒಂದಕ್ಕೆ 4,200 ಅಂತ ಇಟ್ಟುಕೊಳ್ಳಿ. ನಾಲ್ಕಕ್ಕೆ 16,800. ದುಬಾರಿಯದ್ದು 7,000. ನಾಲ್ಕಕ್ಕೆ 28,000. ಅಗ್ಗದ್ದು 40,000 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 42 ಪೈಸೆ. ದುಬಾರಿಯದ್ದು 50,000 ಬಂದರೂ 56 ಪೈಸೆ. ಅಗ್ಗದ್ದೇ ಗೆದ್ದಿತು!"

ಗೌಡ ಎದ್ದು ನಿಂತು ರಾಯರ ಕೈ ಕುಲುಕಿದ.

"ಕೂತುಕೋ" ಎಂದರು ರಾಯರು. "ನೀನು ವರ್ಷಕ್ಕೆ ಎಷ್ಟು ಓಡಿಸುತ್ತೀಯ?"

"ಆರು ಸಾವಿರ ಆಗಬಹುದು. ಅತ್ತೆ ಮನೆ ಇಲ್ಲದಿದ್ದರೆ ನಾಲ್ಕು."

"ಹಾಗಾದರೆ 40,000 ಮುಗಿಯಲು ಆರೂಮುಕ್ಕಾಲು ವರ್ಷ ಹತ್ತಿರ ಬೇಕು. 50,000 ಅಂದರೆ ಎಂಟು ವರ್ಷ ದಾಟುತ್ತದೆ. ಅಷ್ಟರಲ್ಲಿ ಟೈರಿನ ಮೇಲಿನ ಗೀರು ಉಳಿದಿದ್ದರೂ ರಬ್ಬರಿಗೆ ವಯಸ್ಸಾಗಿ ಒಣಗಿರುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು. ಹತ್ತು ಆದರೆ ಹೇಗಿದ್ದರೂ ತೆಗೆಯಬೇಕು. ನಿನ್ನ ಕಾರಿಗೆ ಕಿಲೋಮೀಟರಿನ ಲೆಕ್ಕವೇ ದಂಡ. ನಿನ್ನ ಟೈರು ಸವೆದು ಸಾಯುವುದಲ್ಲ, ಮುದಿಯಾಗಿ ಸಾಯುವುದು."

"ಆದರೆ ಇದು ಸವೆದೇ ಸತ್ತಿದೆಯಲ್ಲ ರಾಯರೇ?" ಎಂದೆ ನಾನು.

ಹೌದಲ್ಲ! ಎಲ್ಲರೂ ಮತ್ತೆ ಹೊರಗೆ ಬಂದೆವು. ನಾಲ್ಕು ಜನ ಮೊಬೈಲ್ ಟಾರ್ಚ್ ಹಿಡಿದು ಒಂದು ಚಕ್ರದ ಸುತ್ತ ಕುಕ್ಕರಗಾಲಲ್ಲಿ ಕೂತೆವು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು "ಏನು ಬಿದ್ದುಹೋಯಿತು ಸಾರ್, ಉಂಗುರವಾ?" ಎಂದು ತಾವೂ ಹುಡುಕಲು ಬಗ್ಗಿದರು. ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಸ್ವಾಮಿ ತನಿಖೆ ಶುರುಮಾಡಿಯಾಗಿತ್ತು. ಸ್ವಾಮಿ ಮೇಟಗಳ್ಳಿಯ ಟೈರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ನಾವೆಲ್ಲ ಇದನ್ನು ಟೈರು ಅಂದರೆ ಅವರು 'ಮಾಲು' ಅನ್ನುತ್ತಾರೆ.

"ಇಲ್ಲಿ ನೋಡಿ" ಎಂದರು ಸ್ವಾಮಿ. ಗೀರಿನ ತಳದಲ್ಲಿ ಅಡ್ಡಕ್ಕೆ ಒಂದು ಸಣ್ಣ ದಿಣ್ಣೆ ಇತ್ತು. ಟೈರಿನ ಪಕ್ಕೆಯಲ್ಲಿ ಅದೇ ಜಾಗಕ್ಕೆ ಪುಟ್ಟ ತ್ರಿಕೋನದ ಗುರುತು. "ಇದರ ಎತ್ತರ 1.6 ಮಿಲಿಮೀಟರ್. ಮೇಲಿನ ರಬ್ಬರು ಇದಕ್ಕೆ ಸಮ ಆಯಿತು ಅಂದರೆ ಮಾಲು ಮುಗಿಯಿತು. ಕಾನೂನು ಹೇಳುವುದೂ ಅಷ್ಟೇ." ಗೌಡನ ಟೈರಿನಲ್ಲಿ ಎರಡೂ ಅಂಚಿನ ದಿಣ್ಣೆಗಳು ಸಮವಾಗಿ ಹೋಗಿದ್ದವು. ನಡುವೆ ಮಾತ್ರ ಗೀರು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

"ಎರಡೂ ಅಂಚು ಸವೆದಿದೆ, ನಡುವೆ ಉಳಿದಿದೆ. ಅಂದರೆ ಗಾಳಿ ಕಮ್ಮಿ. ನಡುವೆ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಅಂದರೆ ಚಕ್ರ ನೇರ ನಿಂತಿಲ್ಲ. ಗಾಳಿ ಯಾವಾಗ ಹಿಡಿಸಿದ್ದು ಗೌಡ್ರೇ?"

ಗೌಡ ಆಕಾಶ ನೋಡಿದ. "ನೋಡಿದರೆ ಗಾಳಿ ಇರುವ ಹಾಗೇ ಕಾಣುತ್ತದಲ್ಲ."

ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲಿನ ಸ್ಟಿಕರ್ ತೋರಿಸಿದರು ಸ್ವಾಮಿ. ಎಷ್ಟು ಗಾಳಿ ಇರಬೇಕು ಎಂದು ಅಲ್ಲೇ ಬರೆದಿತ್ತು. ಇಷ್ಟು ವರ್ಷ ಗೌಡ ಅದನ್ನು ಕಂಪನಿಯ ಜಾಹೀರಾತು ಎಂದುಕೊಂಡಿದ್ದನಂತೆ. ಗಾಳಿ ಕಮ್ಮಿ ಇದ್ದರೆ ಪಕ್ಕೆ ಮಡಚಿ ಮಡಚಿ ಬಿಸಿಯಾಗುತ್ತದೆ. ಬೆಂಗಳೂರು ಹೈವೇಯಲ್ಲಿ ಗಂಟೆಗೆ ನೂರರಲ್ಲಿ ಹಾಗೇ ಓಡಿಸಿದರೆ ಒಡೆಯಲೂಬಹುದು. ಇಂಥವನಿಗೆ ಪ್ಯಾರಿಸ್ಸಿನಿಂದ ಟೈರು ತರಿಸಿಕೊಟ್ಟರೂ ಇದೇ ಗತಿ.

ತಾರೀಕು ನೋಡುವ ಕೆಲಸ ಬಾಕಿ ಇತ್ತು. ಪಕ್ಕೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಆದರೆ ಆ ನಾಲ್ಕು ಅಂಕಿ ಸಾಮಾನ್ಯವಾಗಿ ಒಂದೇ ಪಕ್ಕೆಯಲ್ಲಿರುತ್ತವೆ. ಗೌಡನ ಅದೃಷ್ಟಕ್ಕೆ ಅದು ಒಳಗಿನ ಪಕ್ಕೆಯಲ್ಲಿತ್ತು. ಗೌಡ ಬಿಳಿ ಶರ್ಟಿನಲ್ಲೇ ಮಲಗಿ ಕಾರಿನಡಿ ತೂರಿ "3218" ಎಂದು ಕೂಗಿದ. ಅಂದರೆ 2018ರ ಮೂವತ್ತೆರಡನೇ ವಾರ. "ಆಗಸ್ಟ್!" ಎಂದು ರಾಯರು ಒಳಗೇ ಲೆಕ್ಕ ಹಾಕಿ ಹೇಳಿದರು. ಸವೆದೂ ಆಗಿತ್ತು, ಮುದಿಯೂ ಆಗಿತ್ತು.

"ಅಂಗಡಿಯಲ್ಲಿ ಮೊದಲು ನೋಡಬೇಕಾದ್ದೂ ಇದೇ" ಎಂದರು ಸ್ವಾಮಿ. "ಭಾರಿ ಡಿಸ್ಕೌಂಟ್ ಅಂದರೆ ಗೋಡೌನಿನಲ್ಲಿ ಎರಡು ಮೂರು ವರ್ಷ ಕೂತ ಮಾಲು ಇರಬಹುದು. ಇನ್ನೊಂದು, ಬೋಳಾದ ಟೈರಿಗೆ ಬಿಸಿ ಕತ್ತಿಯಲ್ಲಿ ಹೊಸ ಗೀರು ಕೊರೆದು, ಕಪ್ಪು ಪಾಲಿಶ್ ಬಳಿದು ಮಾರುವವರೂ ಇದ್ದಾರೆ. ಅದನ್ನು ಮಾತ್ರ ಮುಟ್ಟಬೇಡಿ. ಕೊರೆದ ಜಾಗದಲ್ಲಿ ಒಳಗಿನ ತಂತಿಗೂ ರಸ್ತೆಗೂ ನಡುವೆ ಏನೂ ಉಳಿದಿರುವುದಿಲ್ಲ."

"ಚೀನಾ ಟೈರು ಬಹಳ ಅಗ್ಗ ಅಂತಾರಲ್ಲ?" ಗೌಡ ಇನ್ನೂ ಆಸೆ ಬಿಟ್ಟಿರಲಿಲ್ಲ.

"2020ರ ಜೂನ್‌ನಲ್ಲೇ ಟೈರ್ ಆಮದಿಗೆ ಸರ್ಕಾರ ಕಡಿವಾಣ ಹಾಕಿತು. ಜೊತೆಗೆ ಐಎಸ್ಐ ಗುರುತು ಇಲ್ಲದೆ ಮಾರುವ ಹಾಗಿಲ್ಲ. ನಮ್ಮಲ್ಲಿ ಅಗ್ಗದ್ದು ಅಂದರೆ ಹೆಸರಿಲ್ಲದ ಮಾಲಲ್ಲ. ಹೆಸರಿರುವ ಕಂಪನಿಯದ್ದೇ ಕೆಳಗಿನ ದರ್ಜೆ."

ಶೆಟ್ರಿಗೆ ಇದು ಹಿಡಿಸಲಿಲ್ಲ. "ನನ್ನ ಕಾರಿಗೆ ಜಪಾನ್ ಟೈರು. ಜಪಾನ್ ಅಂದರೆ ಜಪಾನ್."

"ಬ್ರಿಜ್‌ಸ್ಟೋನ್ ತಾನೆ? ಪಕ್ಕೆ ಓದಿ ಶೆಟ್ರೇ. ಇಂದೋರ್ ಹತ್ತಿರ ಪೀಥಂಪುರದಲ್ಲಿ ಅವರ ಫ್ಯಾಕ್ಟರಿ ಇದೆ. ಪುಣೆ ಹತ್ತಿರ ಚಾಕಣದಲ್ಲೂ ಇದೆ."

ಶೆಟ್ರು ಟಾರ್ಚ್ ಹಿಡಿದು ತಮ್ಮ ಕಾರಿನ ಹತ್ತಿರ ಹೋದರು. ಬರುವಾಗ ಮಾತಾಡಲಿಲ್ಲ.

ಸ್ವಾಮಿಯ ಮನಸ್ಸಿನಲ್ಲಿ ಇಡೀ ಜಗತ್ತಿಗೆ ಒಂದೇ ಟೈರು, ವಿಕ್ರಾಂತ್. ಕೆಆರ್‌ಎಸ್ ರಸ್ತೆಯ ಆ ಫ್ಯಾಕ್ಟರಿಯನ್ನು ಜೆಕೆ ಟೈರ್ 1997ರಲ್ಲಿ ತೆಗೆದುಕೊಂಡಿತು. ಆದರೆ ಸ್ವಾಮಿ ಇವತ್ತಿಗೂ ಆ ಬಸ್ ಸ್ಟಾಪನ್ನು ವಿಕ್ರಾಂತ್ ಅಂತಲೇ ಕೇಳಿ ಟಿಕೆಟ್ ತೆಗೆದುಕೊಳ್ಳುತ್ತಾರೆ. ಕಂಡಕ್ಟರೂ ಕೊಡುತ್ತಾನೆ.

ರಾಯರಿಗೆ ಷೇರಿನ ಹುಚ್ಚು. "ಎಂಆರ್‌ಎಫ್ 1946ರಲ್ಲಿ ಮದರಾಸಿನಲ್ಲಿ ಮಕ್ಕಳ ಬಲೂನು ಮಾಡಿಕೊಂಡಿದ್ದ ಕಂಪನಿ. 2023ರ ಜೂನ್‌ನಲ್ಲಿ ಅದರ ಒಂದು ಷೇರಿಗೆ ಲಕ್ಷ ರೂಪಾಯಿ ದಾಟಿತು, ಗೊತ್ತಾ?"

"ಒಂದು ಷೇರಿನ ದುಡ್ಡಲ್ಲಿ ಐದು ಕಾರಿಗೆ ಟೈರು ಬರುತ್ತಲ್ಲ ರಾಯರೇ! ನೀವು ತಗೊಂಡಿದ್ದೀರಾ?"

ರಾಯರು ಕಾಫಿ ತಣ್ಣಗಾಯಿತು ಎಂದು ಮಾಣಿಯನ್ನು ಗದರಿದರು. ತಗೊಂಡಿರಲಿಲ್ಲ ಅಂತ ನಮಗೆ ಗೊತ್ತಾಯಿತು.

ಜಪಾನಿನಲ್ಲಿ ಸೋತ ಶೆಟ್ರು ಫ್ರಾನ್ಸಿಗೆ ಹಾರಿದರು. "ಮಿಶೆಲಿನ್ ಹಾಕಿಸು ಗೌಡ. ಹೋಟೆಲಿಗೆ ಸ್ಟಾರ್ ಕೊಡುವವರು ಅವರೇ."

"ಟೈರಿನವರು ಹೋಟೆಲಿಗೆ ಯಾಕೆ ಸ್ಟಾರ್ ಕೊಡುತ್ತಾರೆ?"

ಇದು ನನಗೆ ಗೊತ್ತಿತ್ತು. 1900ರಲ್ಲಿ ಇಡೀ ಫ್ರಾನ್ಸಿನಲ್ಲಿ ಮೂರು ಸಾವಿರ ಕಾರೂ ಇರಲಿಲ್ಲವಂತೆ. ಜನ ಕಾರು ಓಡಿಸಿದರೆ ತಾನೆ ಟೈರು ಸವೆಯುವುದು? ಹಾಗಾಗಿ ಎಲ್ಲಿ ತಂಗಬಹುದು, ಎಲ್ಲಿ ರಿಪೇರಿ ಎಂದೆಲ್ಲ ಒಂದು ಕೈಪಿಡಿ ಮಾಡಿ ಹಂಚಿದರು. ಹೋಟೆಲುಗಳಿಗೆ ಸ್ಟಾರ್ ಕೊಡಲು ಶುರುವಾದದ್ದು 1926ರಲ್ಲಿ.

ಗೌಡ ಬಹಳ ಹೊತ್ತು ಯೋಚಿಸಿದ. "ಅಂದರೆ ದೋಸೆ ತಿನ್ನಲು ದೂರ ಹೋಗಿ, ಟೈರು ಸವೆಸಿಕೊಂಡು ಬನ್ನಿ ಅಂತ. ನಾನು ದೋಸೆಗೆ ನಡೆದುಕೊಂಡೇ ಹೋಗುತ್ತೇನೆ."

ಇಷ್ಟು ಹೊತ್ತು ತಮಾಷೆ ಆಯಿತು. ಆಮೇಲೆ ಶೆಟ್ರು ಹೇಳಿದ ಮಾತಿಗೆ ಮಾತ್ರ ಯಾರೂ ನಗಲಿಲ್ಲ. "ನೀವೆಲ್ಲ ಟೈರು ಎಷ್ಟು ಓಡುತ್ತದೆ ಅಂತ ಕೇಳುತ್ತೀರಿ. ಎಷ್ಟರಲ್ಲಿ ನಿಲ್ಲುತ್ತದೆ ಅಂತ ಒಬ್ಬನೂ ಕೇಳಲಿಲ್ಲ ಮಾರಾಯ. ಜುಲೈಯಲ್ಲಿ ಸಂಪಾಜೆ ಇಳಿಯುವಾಗ ತಿರುವಿನಾಚೆ ಕೆಂಪು ಬಸ್ಸು ನಿಂತಿದ್ದರೆ ಗೊತ್ತಾಗುತ್ತದೆ ಟೈರಿನ ರೇಟು ಎಂತ ಅಂತ."

ಸ್ವಾಮಿ ತಲೆಯಾಡಿಸಿದರು. ನಮ್ಮ ಗಿರಾಕಿಗಳು ಕೇಳುವುದು ಬಾಳಿಕೆಯನ್ನೇ. ಹಾಗಾಗಿ ಅಗ್ಗದ ಟೈರಿನ ರಬ್ಬರು ಎಷ್ಟೋ ಸಲ ಗಡಸು. ಅದು ಸವೆಯದೆ ಓಡುತ್ತದೆ. ಒಣ ರಸ್ತೆಯಲ್ಲಿ, ಊರೊಳಗೆ ನಲವತ್ತು ಐವತ್ತರಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನೀರು ಬಿದ್ದರೆ ಜಾರುತ್ತದೆ. ಒಳ್ಳೆಯ ಟೈರಿನ ರಬ್ಬರಿಗೆ ಸಿಲಿಕಾ ಜಾಸ್ತಿ ಬೆರೆಸುತ್ತಾರೆ. ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ನೀರನ್ನು ಆಚೆ ತಳ್ಳುವ ಹಾಗೆ ಗೀರಿನ ವಿನ್ಯಾಸವೂ ಇರುತ್ತದೆ. ಗೀರು ನೀರು ತಳ್ಳದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ಆಗ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ದುಬಾರಿ ಟೈರಿಗೆ ಜಾಸ್ತಿ ಕೊಡುವ ದುಡ್ಡಿನ ಬಹುಪಾಲು ಈ ಒಂದು ಕ್ಷಣಕ್ಕೆ. ಉಳಿದದ್ದು ಸದ್ದು ಕಮ್ಮಿ, ಕುಲುಕಾಟ ಕಮ್ಮಿ. ಸ್ವಲ್ಪ ಹೆಸರಿನ ಬಾಡಿಗೆಯೂ ಇದೆ ಅನ್ನಿ.

ರಾಯರು ಬಿಲ್ಲು ಮಗುಚಿದರು. "ವ್ಯತ್ಯಾಸ 11,200. ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 155 ರೂಪಾಯಿ. ಇವತ್ತು ನಾವು ಕುಡಿದ ಕಾಫಿಯೇ ಅಷ್ಟಾಯಿತು."

ಗೌಡನಿಗೆ ತಕ್ಷಣ ಒಂದು ಉಪಾಯ ಹೊಳೆಯಿತು. "ಎರಡು ಒಳ್ಳೆಯದು ಮುಂದಕ್ಕೆ, ಎರಡು ಅಗ್ಗದ್ದು ಹಿಂದಕ್ಕೆ. ಮುಂದೆ ಕೂರುವುದು ನಾನು. ಹಿಂದೆ ಕೂರುವುದು ನನ್ನ ಭಾಮೈದ."

"ಸರಿಯಾಗಿ ಉಲ್ಟಾ" ಎಂದರು ಸ್ವಾಮಿ. "ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೇ ಹೋಗಬೇಕು. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಸುಧಾರಿಸಬಹುದು. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ಆಗ ಭಾಮೈದ ಮುಂದೆ, ನೀವು ಹಿಂದೆ."

ಕೊನೆಗೆ ಪಂಚಾಯಿತಿ ಒಂದು ತೀರ್ಮಾನಕ್ಕೆ ಬಂತು. ಗೌಡ ಊರೊಳಗೇ ಓಡಾಡುವವನಾಗಿದ್ದರೆ ನಾನೂ ಅಗ್ಗದ್ದಕ್ಕೇ ಕೈ ಎತ್ತುತ್ತಿದ್ದೆ. ಗಾಳಿ ಸರಿಯಾಗಿದ್ದು, ತಾರೀಕು ಹೊಸದಿದ್ದರೆ ಅದೇನು ಕಮ್ಮಿಯಲ್ಲ. ಆದರೆ ಮಳೆಗಾಲದಲ್ಲಿ ಘಾಟಿ ಇಳಿಯುವವನಿಗೆ ಒದ್ದೆ ರಸ್ತೆಯ ಹಿಡಿತಕ್ಕೆ ಹೆಸರಾದದ್ದೇ ಬೇಕು. ಅದು ಏಳು ಸಾವಿರದ್ದೇ ಆಗಬೇಕಿಲ್ಲ, ದೇಶಿ ಕಂಪನಿಗಳ ಮೇಲಿನ ದರ್ಜೆಯಲ್ಲೂ ಸಿಗುತ್ತದೆ. ಸೈಜು 185/65 ಆರ್ 15, ಪಕ್ಕದಲ್ಲಿ 88 ಎಚ್. ಅಂದರೆ ಒಂದು ಟೈರು 560 ಕಿಲೋ ಹೊರುತ್ತದೆ, ಗಂಟೆಗೆ 210 ಕಿಲೋಮೀಟರ್ ವೇಗ ತಡೆದುಕೊಳ್ಳುತ್ತದೆ. ಈ ನಂಬರ್ ಮಾತ್ರ ಇಳಿಸಬಾರದು. "560 ಸಾಕಾ? ಸುಳ್ಯದಿಂದ ಬರುವಾಗ ಅತ್ತೆ ತೆಂಗಿನಕಾಯಿ ತುಂಬಿಸುತ್ತಾರೆ" ಎಂದ ಗೌಡ. ಟೈರಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಇಷ್ಟು ದಿನ ಬದಲಾಯಿಸದೇ ಇದ್ದದ್ದು ಅದಕ್ಕೇ ಎಂದು ಅವನು ಎದೆ ಉಬ್ಬಿಸಿದ. ನಾವು ನಂಬಲಿಲ್ಲ.

ಅಲ್ಲೇ ಅಂಗಡಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಅಂಗಡಿಯವನು ಒಂದಕ್ಕೆ 5,600 ಎಂದ. ಗೌಡ 5,000 ಎಂದ. 5,400ಕ್ಕೆ ಕುದುರಿತು.

"ತಾರೀಕು ಹೊಸದಿರಬೇಕು, ನಾಲ್ಕೂ ಒಂದೇ ಇರಬೇಕು" ಎಂದ ಗೌಡ, ಹುಟ್ಟಿನಿಂದಲೇ ಇದೆಲ್ಲ ಗೊತ್ತಿದ್ದವನ ಹಾಗೆ.

"ಆಯಿತು ಸಾರ್. ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಫ್ರೀ. ನೈಟ್ರೋಜನ್ ಮಾತ್ರ ಎಕ್ಸ್‌ಟ್ರಾ, ಟೈರಿಗೆ ಇಪ್ಪತ್ತು."

ರಾಯರು ಗೌಡನ ಕಿವಿಯಲ್ಲಿ ಪಿಸುಗುಟ್ಟಿದರು. "ಬರೀ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ ಕಣಯ್ಯಾ."

"ಹಲೋ" ಎಂದ ಗೌಡ. "ಆ 78 ಪರ್ಸೆಂಟ್ ನಮ್ಮ ಹತ್ತಿರ ಇದೆಯಂತೆ. ಬಾಕಿ 22ಕ್ಕೆ ಎಷ್ಟಾಗುತ್ತದೆ?"

"ಟೈರಿಗೆ ನಾಲ್ಕು ರೂಪಾಯಿ ನಲವತ್ತು ಪೈಸೆ!" ರಾಯರು ಈ ಕಡೆಯಿಂದ ಕೂಗಿದರು.

ಅಂಗಡಿಯವನು ಒಂದು ಗಳಿಗೆ ಸುಮ್ಮನಾದ. "ಸಾರ್, ನೈಟ್ರೋಜನ್ ಫ್ರೀ ಹಾಕಿಕೊಡುತ್ತೇನೆ, ನಾಳೆ ಬೆಳಗ್ಗೆ ಬನ್ನಿ. ಆ ಹಿಂದೆ ಮಾತಾಡುತ್ತಿದ್ದಾರಲ್ಲ, ಅವರನ್ನು ಮಾತ್ರ ಕರೆದುಕೊಂಡು ಬರಬೇಡಿ."